ವೀರಪ್ಪನ್ ಶವದ ಚಿತ್ರ: ಗಾಯದ ಗುರುತು ಎಷ್ಟರಮಟ್ಟಿಗೆ ಸಾಕ್ಷಿ?

2004ರ ಅಕ್ಟೋಬರ್ 18ರ ರಾತ್ರಿ ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಬಳಿ ಕಾಡುಗಳ್ಳ ವೀರಪ್ಪನ್ ಹತನಾದ. ಸೇತುಕುಳಿ ಗೋವಿಂದನ್, ಚಂದ್ರೇಗೌಡ, ಸೇತುಮಣಿ ಎಂಬ ಮೂವರು ಸಹಚರರೂ ಅವನೊಂದಿಗೇ ಸತ್ತರು. ಮರುದಿನ ಧರ್ಮಪುರಿ ಸರ್ಕಾರಿ ಆಸ್ಪತ್ರೆಯಲ್ಲಿದ್ದ ಶವದ ಚಿತ್ರಗಳು ಪತ್ರಿಕೆಗಳಲ್ಲೂ ಟಿವಿಯಲ್ಲೂ ಬಂದವು. ಎಡಗಣ್ಣಿನ ಮೇಲ್ಭಾಗದ ಹಣೆಯಲ್ಲಿ ಗುಂಡಿನ ಗಾಯ. ನಾಡೆಲ್ಲ ಗುರುತು ಹಿಡಿಯುತ್ತಿದ್ದ ಗಿರಿಜಾ ಮೀಸೆಯ ಜಾಗದಲ್ಲಿ ಕತ್ತರಿಸಿದ ಸಣ್ಣ ಮೀಸೆ. ಈ ಎರಡು ಗುರುತುಗಳ ಸುತ್ತ ಹುಟ್ಟಿದ ತಕರಾರು ಇಪ್ಪತ್ತು ವರ್ಷ ದಾಟಿದರೂ ತಣ್ಣಗಾಗಿಲ್ಲ. ಸತ್ತವನು ಗೋಪಿನಾಥಂನವನು. ಆ ಊರು ಈಗಿನ ಹನೂರು ತಾಲ್ಲೂಕಿನಲ್ಲಿದೆ, ಆಗ ಕೊಳ್ಳೇಗಾಲ ತಾಲ್ಲೂಕಿನಲ್ಲಿತ್ತು. ಹಾಗಾಗಿ ಸಾವು ಗಡಿಯಾಚೆ ನಡೆದರೂ ಅದರ ಮಾತು ಹೆಚ್ಚು ನಡೆದದ್ದು ಈ ಸೀಮೆಯಲ್ಲೇ.

ಪೊಲೀಸರ ವಿವರಣೆ ಎಲ್ಲರಿಗೂ ಗೊತ್ತಿರುವಂಥದ್ದು. ಕೆ. ವಿಜಯಕುಮಾರ್ ನೇತೃತ್ವದ ತಮಿಳುನಾಡು ವಿಶೇಷ ಕಾರ್ಯಪಡೆ 'ಆಪರೇಷನ್ ಕಕೂನ್' ಎಂಬ ಹೆಸರಿನಲ್ಲಿ ಬಲೆ ಹೆಣೆಯಿತು. ಕಣ್ಣಿನ ಚಿಕಿತ್ಸೆಗೆಂದು ಕಾಡಿನಿಂದ ಹೊರಟ ವೀರಪ್ಪನ್ ಹತ್ತಿದ ಆಂಬ್ಯುಲೆನ್ಸ್ ಪೊಲೀಸರದ್ದೇ ಆಗಿತ್ತು. ದಾರಿಯಲ್ಲಿ ಅದನ್ನು ತಡೆದು ಶರಣಾಗಲು ಹೇಳಿದಾಗ ಒಳಗಿನಿಂದ ಗುಂಡು ಹಾರಿತು, ಪಡೆ ತಿರುಗಿ ಗುಂಡು ಹಾರಿಸಿತು, ನಾಲ್ವರೂ ಸತ್ತರು. ಗುರುತು ಸಿಗಬಾರದೆಂದು ಮೀಸೆಯನ್ನು ಆತನೇ ಕತ್ತರಿಸಿಕೊಂಡಿದ್ದ. ಇನ್ನೊಂದು ಕಡೆ, ನಾಗರಿಕ ಹಕ್ಕುಗಳ ರಕ್ಷಣಾ ಕೇಂದ್ರದ ಹೆಸರಿನಲ್ಲಿ ಒಂದಾದ ಮಾನವ ಹಕ್ಕು ಕಾರ್ಯಕರ್ತರು, ಸಾಂದರ್ಭಿಕ ಸಾಕ್ಷ್ಯಗಳನ್ನು ನೋಡಿದರೆ ವೀರಪ್ಪನ್‌ನನ್ನು ಮೊದಲೇ ಹಿಡಿದು ಹಿಂಸಿಸಿ ಕೊಂದಂತಿದೆ ಎಂದರು. ಜನರ ಬಾಯಲ್ಲಿ ಈ ವಾದಕ್ಕೆ ಚಿತ್ರವೇ ಆಧಾರವಾಯಿತು. ಅಷ್ಟು ಗುಂಡು ಹಾರಿದ್ದರೆ ಮುಖ ಹೀಗೆ ಉಳಿಯುತ್ತಿತ್ತೇ? ಹಣೆಗೆ ಇಷ್ಟು ಸರಿಯಾಗಿ ಗುಂಡು ಹೇಗೆ ಬಿತ್ತು? ಮೀಸೆ ಕತ್ತರಿಸಿದವರು ಯಾರು? ಅದೇ ಚಿತ್ರವನ್ನು ಮುಂದಿಟ್ಟುಕೊಂಡು ಇನ್ನೊಂದು ಗುಂಪು ಹೇಳಿತು: ಎದುರಿನಿಂದ ತಗುಲಿದ ಗುಂಡು, ಹಾಗಾಗಿ ಎದುರಾಬದುರು ನಡೆದ ಕಾಳಗ.

ಆ ಚಿತ್ರದಲ್ಲಿ ಕಾಣುವ ಗುರುತುಗಳು ಈ ಎರಡು ವಾದಗಳಲ್ಲಿ ಯಾವುದನ್ನೂ ಸಾಬೀತು ಮಾಡುವುದಿಲ್ಲ. ಸಾಬೀತು ಮಾಡಬಲ್ಲ ಸಾಕ್ಷ್ಯ ಬೇರೆಯೇ ಇದೆ. ಅದು ಸರ್ಕಾರದ ವಶದಲ್ಲಿ ಇರಬೇಕಾದದ್ದು. ಚಿತ್ರದ ಬಗ್ಗೆ ನಾವು ಜಗಳವಾಡಿದಷ್ಟೂ ಆ ಕಡತಗಳನ್ನು ಕೇಳುವುದು ಮರೆತುಹೋಗಿದೆ.

ಮೊದಲು ಹಣೆಯ ಗಾಯ. ಗುಂಡೇಟಿನ ಗಾಯವನ್ನು ಓದುವುದಕ್ಕೆ ವಿಧಿವಿಜ್ಞಾನದಲ್ಲಿ ಒಂದು ಕ್ರಮವಿದೆ. ಬಂದೂಕಿನ ನಳಿಕೆಯಿಂದ ಗುಂಡಿನ ಜೊತೆ ಬಿಸಿ ಅನಿಲ, ಮಸಿ, ಪೂರ್ತಿ ಉರಿಯದ ಮದ್ದಿನ ಕಣಗಳೂ ಹೊರಬರುತ್ತವೆ. ನಳಿಕೆ ಚರ್ಮಕ್ಕೆ ತಾಗಿದ್ದರೆ ಗಾಯದ ಅಂಚು ಸುಟ್ಟು, ತಲೆಬುರುಡೆಯಂಥ ಗಟ್ಟಿ ಮೂಳೆಯ ಮೇಲಾದರೆ ಚರ್ಮ ನಕ್ಷತ್ರದ ಆಕಾರದಲ್ಲಿ ಸೀಳಬಹುದು. ಸ್ವಲ್ಪ ದೂರವಿದ್ದರೆ ಸುತ್ತ ಮಸಿ ಕೂರುತ್ತದೆ. ಇನ್ನೂ ಸ್ವಲ್ಪ ದೂರವಾದರೆ ಮಸಿ ಇರುವುದಿಲ್ಲ, ಮದ್ದಿನ ಕಣಗಳು ಮಾತ್ರ ಚರ್ಮಕ್ಕೆ ಚುಚ್ಚಿ ಹಚ್ಚೆಯಂಥ ಚುಕ್ಕಿಗಳನ್ನು ಬಿಡುತ್ತವೆ. ಅದಕ್ಕೂ ದೂರವಾದರೆ ಗುಂಡು ಹೊಕ್ಕ ತೂತು ಮತ್ತು ಅದರ ಅಂಚಿನಲ್ಲಿ ಚರ್ಮ ತರಚಿದ ಉಂಗುರ, ಅಷ್ಟೇ. ಕೈಬಂದೂಕಿನ ವಿಚಾರದಲ್ಲಿ ಮಸಿ ಸುಮಾರು ಒಂದಡಿಯ ಆಸುಪಾಸಿನವರೆಗೆ, ಚುಕ್ಕಿಗಳು ಎರಡು ಮೂರು ಅಡಿಯವರೆಗೆ ಕಾಣುತ್ತವೆ ಎಂಬುದು ಸಾಮಾನ್ಯ ಲೆಕ್ಕ. ರೈಫಲ್ಲಾದರೆ ಈ ಅಳತೆ ಬೇರೆ. ನಳಿಕೆಯ ಉದ್ದ, ತೋಟಾದ ಮದ್ದಿನ ಬಗೆ ಬದಲಾದರೂ ಬೇರೆ. ಆದ್ದರಿಂದಲೇ ಪ್ರಯೋಗಾಲಯದವರು ಅದೇ ಬಂದೂಕು, ಅದೇ ಬಗೆಯ ತೋಟಾ ಹಿಡಿದು ಬಟ್ಟೆಯ ಮೇಲೆ ಬೇರೆ ಬೇರೆ ದೂರದಿಂದ ಹೊಡೆದು ಹೋಲಿಸಿ ನೋಡುತ್ತಾರೆ.

ಈಗ ಪತ್ರಿಕೆಯಲ್ಲಿ ಅಚ್ಚಾದ ಚಿತ್ರವನ್ನು ಈ ಕ್ರಮದ ಎದುರು ಇಡೋಣ. ಮಸಿ ನೀರಿಗೆ ತೊಳೆದುಹೋಗುತ್ತದೆ, ಚರ್ಮಕ್ಕೆ ಚುಚ್ಚಿದ ಚುಕ್ಕಿ ಹೋಗುವುದಿಲ್ಲ. ಮುಖ ಒರೆಸುವ ಮುಂಚೆ ತೆಗೆದ ಚಿತ್ರವೋ, ಒರೆಸಿದ ಮೇಲೆ ತೆಗೆದದ್ದೋ ತಿಳಿಯದೆ ಮಸಿ ಇತ್ತು ಅಥವಾ ಇರಲಿಲ್ಲ ಎನ್ನಲಾಗದು. ಕ್ಯಾಮೆರಾದ ಫ್ಲ್ಯಾಷ್ ನೇರ ಬಿದ್ದರೆ ಸಣ್ಣ ಚುಕ್ಕಿಗಳು ಬೆಳಕಿನಲ್ಲಿ ಕರಗುತ್ತವೆ; ಓರೆ ಬೆಳಕಾದರೆ ನೆರಳೇ ಕಲೆಯಂತೆ ಕಾಣುತ್ತದೆ. ಪತ್ರಿಕೆಯ ಮುದ್ರಣವೇ ಶಾಯಿಯ ಚುಕ್ಕಿಗಳಿಂದ ಆಗುವಂಥದ್ದು, ಅದರಲ್ಲಿ ಮದ್ದಿನ ಚುಕ್ಕಿ ಹುಡುಕುವುದು ಹೇಗೆ? ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಗುಂಡು ಗಾಜನ್ನೋ ವಾಹನದ ತಗಡನ್ನೋ ತೂರಿಕೊಂಡು ಬಂದರೆ ಅದರ ಚೂರುಗಳು ಗಾಯದ ಸುತ್ತ ಚುಚ್ಚಿಕೊಂಡು ಮದ್ದಿನ ಚುಕ್ಕಿಗಳನ್ನೇ ಹೋಲುವ ಗುರುತು ಬಿಡುತ್ತವೆ. ಅಂದರೆ ಗಾಯದ ಸುತ್ತ ಚುಕ್ಕಿ ಕಂಡರೆ ಅದು ಹತ್ತಿರದಿಂದ ಹೊಡೆದ ಗುರುತೂ ಆಗಬಹುದು, ಆಂಬ್ಯುಲೆನ್ಸಿನ ಗಾಜು ಒಡೆದು ಬಂದ ಗುರುತೂ ಆಗಬಹುದು. ಅದೇ ತಗಡು, ಗಾಜು ಮಸಿಯನ್ನು ತಡೆದು ಹತ್ತಿರದ ಏಟನ್ನು ದೂರದ ಏಟಿನಂತೆ ತೋರಿಸಲೂಬಹುದು. ಬರಿಗಣ್ಣಿಗೆ ಇವು ಬೇರೆಯಾಗಿ ಕಾಣದೇ ಹೋಗಬಹುದು. ಗಾಯದ ಚರ್ಮವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ರಾಸಾಯನಿಕ ಪರೀಕ್ಷೆ ಮಾಡಿದರೆ ಗಾಜು ಯಾವುದು, ಮದ್ದು ಯಾವುದು ತಿಳಿಯುತ್ತದೆ.

ಕಣ್ಣಿನ ಸುತ್ತ ಕಪ್ಪಾಗುವುದರ ಬಗ್ಗೆಯೂ ಹೇಳಬೇಕು. ಇಂಥ ಚಿತ್ರಗಳನ್ನು ನೋಡಿದವರು ಮೊದಲು ಬೆರಳಿಡುವುದು ಅಲ್ಲಿಗೇ. ಕಣ್ಣು ಊದಿ ಕಪ್ಪಾಗಿದ್ದರೆ ಮುಖಕ್ಕೆ ಗುದ್ದಿದ್ದಾರೆ ಎಂದು ತೀರ್ಮಾನಿಸುವುದು ಸಹಜ. ಆದರೆ ತಲೆಗೆ ಗುಂಡು ಹೊಕ್ಕಾಗ ಒತ್ತಡಕ್ಕೆ ಕಣ್ಣುಗೂಡಿನ ಮೇಲಿನ ತೆಳು ಮೂಳೆ ಬಿರಿಯುತ್ತದೆ. ರಕ್ತ ರೆಪ್ಪೆಗಳಿಗೆ ಇಳಿದು, ಯಾರೂ ಮುಟ್ಟದಿದ್ದರೂ ಕಣ್ಣು ಏಟು ತಿಂದಂತೆ ಕಾಣುತ್ತದೆ. ಶವಾಗಾರದ ವೈದ್ಯರಿಗೆ ಇದು ನಿತ್ಯದ ಅನುಭವ. ಬೆನ್ನು, ಪಕ್ಕೆ, ತೊಡೆಗಳಲ್ಲಿ ಶವ ಮಲಗಿದ ಭಂಗಿಗೆ ತಕ್ಕಂತೆ ರಕ್ತ ಇಳಿದು ನಿಂತ ನೇರಳೆ ಕಲೆಗಳನ್ನೂ ಲಾಠಿ ಏಟೆಂದು ತಿಳಿಯುವವರಿದ್ದಾರೆ. ಚರ್ಮವನ್ನು ಕುಯ್ದು ನೋಡಿದರೆ ನಿಜವಾದ ಪೆಟ್ಟಿನಲ್ಲಿ ರಕ್ತ ಒಳಗಿನ ಅಂಗಾಂಶಕ್ಕೆ ಹರಡಿರುತ್ತದೆ, ಇಳಿದು ನಿಂತ ಕಲೆಯಲ್ಲಿ ಹಾಗಿರುವುದಿಲ್ಲ. ಚಿತ್ರ ಚರ್ಮದ ಮೇಲ್ಮೈಯನ್ನಷ್ಟೇ ತೋರಿಸುತ್ತದೆ. ಹಿಂಸೆಯ ಆರೋಪ ನಿಜವೋ ಸುಳ್ಳೋ ತೀರ್ಮಾನವಾಗುವುದು ಚರ್ಮದ ಕೆಳಗೆ.

ಒಂದು ವೇಳೆ ದೂರ ಖಚಿತವಾಗಿ ಗೊತ್ತಾಯಿತು ಎಂದೇ ಇಟ್ಟುಕೊಳ್ಳೋಣ. ಆಗಲೂ ತಕರಾರು ಬಗೆಹರಿಯುವುದಿಲ್ಲ. ಹತ್ತಿರದಿಂದ ಹೊಡೆದದ್ದು ಎಂದಾದರೆ ಅದು ಸೆರೆಯಾಳನ್ನು ಕೊಂದದ್ದೇ ಎಂದಾಗುವುದಿಲ್ಲ. ಇಕ್ಕಟ್ಟಾದ ವಾಹನದ ಬಾಗಿಲಲ್ಲಿ ನಡೆದ ಗುಂಡಿನ ಚಕಮಕಿಯೂ ಹತ್ತಿರದ್ದೇ. ದೂರದಿಂದ ಹೊಡೆದದ್ದು ಎಂದಾದರೆ ಅದು ಕಾಳಗವೇ ಎಂದೂ ಆಗುವುದಿಲ್ಲ. ನಿಲ್ಲಿಸಿದ ಮನುಷ್ಯನಿಗೆ ಇಪ್ಪತ್ತಡಿ ಆಚೆಯಿಂದಲೂ ಹೊಡೆಯಬಹುದು. ನೂರಾರು ಗುಂಡು ಹಾರಿ ವೀರಪ್ಪನ್ ದೇಹಕ್ಕೆ ಕೆಲವೇ ತಗುಲಿದ್ದು ಹೇಗೆ ಎಂಬ ಪ್ರಶ್ನೆಯೂ ಇದೇ ಜಾತಿಯದು. ಕತ್ತಲಲ್ಲಿ, ತಗಡಿನ ಮರೆಯಲ್ಲಿರುವವರ ಮೇಲೆ ಹಾರಿಸಿದ ಗುಂಡುಗಳಲ್ಲಿ ಬಹುಪಾಲು ಗುರಿ ತಪ್ಪುವುದು ಸಾಮಾನ್ಯ. ಹಾಗೆಂದು ಅದೇ ಕಾಳಗಕ್ಕೆ ಪುರಾವೆಯಾಗದು. ಇಲ್ಲಿ ಉತ್ತರ ಕೊಡಬಲ್ಲದ್ದು ವಾಹನ. ತಗಡಿನ ತೂತಿನ ಅಂಚು ಯಾವ ಕಡೆ ಮಡಿಚಿದೆ ಎಂಬುದರಿಂದ ಗುಂಡು ಹೊರಗಿನಿಂದ ಒಳಗೆ ಬಂತೋ, ಒಳಗಿನಿಂದ ಹೊರಗೆ ಹೋಯಿತೋ ಹೇಳಬಹುದು. ಗಾಜಿನಲ್ಲಿ ಎರಡನೆಯ ಗುಂಡಿನ ಬಿರುಕು ಮೊದಲನೆಯ ಗುಂಡಿನ ಬಿರುಕು ಸಿಕ್ಕಲ್ಲಿ ನಿಂತುಬಿಡುತ್ತದೆ, ಹಾಗಾಗಿ ಯಾವುದು ಮುಂಚೆ ಬಿತ್ತು ಎಂದೂ ಹೇಳಬಹುದು. ಒಳಗಿನಿಂದ ಗುಂಡು ಹಾರಿತು ಎಂಬ ಪೊಲೀಸರ ಮಾತು ನಿಜವಾಗಿದ್ದರೆ ಅದಕ್ಕೆ ಆ ತಗಡು, ಗಾಜು, ಒಳಗೆ ಬಿದ್ದ ಖಾಲಿ ತೋಟಾಗಳೇ ಬಲವಾದ ಬೆಂಬಲ.

ಮೀಸೆಯ ವಿಚಾರ ಇನ್ನೂ ಸ್ವಾರಸ್ಯದ್ದು. ವೀರಪ್ಪನ್ ಎಂದರೆ ಯಾರು ಎಂಬುದೇ ನಮಗೆ ಚಿತ್ರಗಳಿಂದ ಗೊತ್ತಾದದ್ದು. 1986ರಲ್ಲಿ ಸೆರೆಸಿಕ್ಕು ಬೂದಿಪಡಗದ ಅರಣ್ಯ ವಿಶ್ರಾಂತಿಗೃಹದಿಂದ ತಪ್ಪಿಸಿಕೊಂಡ ಮೇಲೆ ಆತ ಕಾನೂನಿನ ಕೈಗೆ ಮತ್ತೆ ಸಿಗಲಿಲ್ಲ. ತೊಂಬತ್ತರ ದಶಕದಲ್ಲಿ 'ನಕ್ಕೀರನ್' ಪತ್ರಿಕೆಯವರು ಕಾಡಿಗೆ ಹೋಗಿ ತಂದ ಚಿತ್ರಗಳಿಂದ ಆ ಮೀಸೆ ಮನೆಮಾತಾಯಿತು. ಆದ್ದರಿಂದ ಆ ದೊಡ್ಡ ಮೀಸೆ ಇಲ್ಲದ ಮುಖ ಕಂಡ ಕೂಡಲೇ ಮೊದಲು ಹುಟ್ಟಿದ ಅನುಮಾನ ಇವನು ಅವನೇ ಹೌದೇ ಎಂಬುದು. ಅದಕ್ಕೆ ಉತ್ತರ ಸಿಕ್ಕಿದ್ದು ಚಿತ್ರದಿಂದಲ್ಲ, ಬಂಧುಗಳು ಶವವನ್ನು ತಮ್ಮದೆಂದು ಪಡೆದು ಮೆಟ್ಟೂರು ಬಳಿಯ ಮೂಲಕಾಡಿನಲ್ಲಿ ಮಣ್ಣು ಮಾಡಿದಾಗ. ಮೀಸೆ ಯಾರು ಕತ್ತರಿಸಿದರು ಎಂಬ ಎರಡನೆಯ ಅನುಮಾನ ಹಾಗೇ ಉಳಿಯಿತು. ಆಗಲೇ ಕತ್ತರಿಸಿದ ಕೂದಲಿನ ತುದಿ ಸೂಕ್ಷ್ಮದರ್ಶಕದಲ್ಲಿ ಚೌಕವಾಗಿ, ಹರಿತವಾಗಿ ಕಾಣುತ್ತದೆ; ಕೆಲವು ವಾರ ಕಳೆದರೆ ತುದಿ ಸವೆದು ದುಂಡಗಾಗುತ್ತದೆ. ಮೀಸೆಯ ನಾಲ್ಕು ಕೂದಲನ್ನು ಶವಪರೀಕ್ಷೆಯಲ್ಲಿ ಕಿತ್ತಿಟ್ಟಿದ್ದರೆ, ಅದು ಸಾವಿಗೆ ವಾರಗಳ ಮುಂಚೆ ಕತ್ತರಿಸಿದ್ದೋ ಆ ದಿನದ್ದೋ ಎಂದು ಅಂದಾಜು ಹೇಳಬಹುದಿತ್ತು. ಪತ್ರಿಕೆಯ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಅದು ಹೇಳುವುದಿಲ್ಲ.

ಪರಿಣತರು ಚಿತ್ರ ನೋಡಿಯೇ ಅಭಿಪ್ರಾಯ ಕೊಡುತ್ತಾರಲ್ಲ, ನ್ಯಾಯಾಲಯಗಳು ಅದನ್ನು ಒಪ್ಪುತ್ತವಲ್ಲ ಎಂದು ಕೇಳಬಹುದು. ಕೊಡುತ್ತಾರೆ, ನಿಜ. ಆದರೆ ಅವರು ನೋಡುವುದು ಗಾಯಕ್ಕೆ ನೇರವಾಗಿ ಹಿಡಿದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ದೂರದಿಂದ ಒಂದು, ಮಧ್ಯಮ ದೂರದಿಂದ ಒಂದು, ಹತ್ತಿರದಿಂದ ಒಂದು ಎಂದು ಸರಣಿಯಲ್ಲಿ, ತೊಳೆಯುವ ಮುಂಚೆ ಮತ್ತು ಆಮೇಲೆ ತೆಗೆದ ಚಿತ್ರಗಳನ್ನು. ಅಷ್ಟಿದ್ದರೂ ಪರಿಣತರು ಜಗಳವಾಡಿದ ಉದಾಹರಣೆ ಜಗತ್ತಿಗೇ ಗೊತ್ತಿದೆ. 1963ರಲ್ಲಿ ಹತರಾದ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯ ಶವಪರೀಕ್ಷೆಯ ಚಿತ್ರಗಳಲ್ಲಿ ತಲೆಯ ಹಿಂಭಾಗದ ಒಂದು ಕೆಂಪು ಗುರುತು ಕಾಣುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಅಲ್ಲಿನ ಸಂಸತ್ತಿನ ಸಮಿತಿ ನೇಮಿಸಿದ ವೈದ್ಯರ ತಂಡ ಅದೇ ಗುಂಡು ಹೊಕ್ಕ ಜಾಗ ಎಂದಿತು. ಶವವನ್ನು ಕೈಯಾರೆ ಪರೀಕ್ಷಿಸಿದ್ದ ವೈದ್ಯರು ಗುರುತಿಸಿದ್ದ ಜಾಗ ಅದಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿತ್ತು. ಒಂದೇ ತಲೆ, ಒಂದೇ ಚಿತ್ರ, ಎರಡೂ ಕಡೆ ಅನುಭವಿ ವೈದ್ಯರು. ಆದರೂ ಒಂದು ಗೇಣಿನ ಅರ್ಧದಷ್ಟು ವ್ಯತ್ಯಾಸ. ಅಳತೆಪಟ್ಟಿಯೂ ಇಲ್ಲದ ಪತ್ರಿಕಾ ಚಿತ್ರವೊಂದರಿಂದ ಧರ್ಮಪುರಿಯ ಆ ರಾತ್ರಿಯ ತೀರ್ಪು ಬರೆಯಲು ಹೊರಡುವವರು ಇದನ್ನು ನೆನಪಿಡಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇದೇ ಸೀಮೆಯ ಜನರದ್ದು. ಇಷ್ಟೆಲ್ಲ ಸೂಕ್ಷ್ಮ ಯಾರಿಗಾಗಿ? 1991ರ ನವೆಂಬರ್ 10ರಂದು ಗೋಪಿನಾಥಂ ಬಳಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ನಂಬಿಸಿ ಕರೆಸಿ ತಲೆ ಕಡಿದವನಿಗಾಗಿಯೇ? 1992ರ ಮೇ ತಿಂಗಳಲ್ಲಿ ರಾಮಾಪುರ ಠಾಣೆಗೆ ನುಗ್ಗಿ ಪೊಲೀಸರನ್ನು ಕೊಂದವನಿಗಾಗಿಯೇ? ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್‌ಪಿ ಟಿ. ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರನ್ನೂ, 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿಸಿ 22 ಮಂದಿಯನ್ನೂ ಬಲಿ ತೆಗೆದುಕೊಂಡವನಿಗಾಗಿಯೇ? ಈ ಪ್ರಶ್ನೆ ಕೇಳುವ ಹಕ್ಕು ಹನೂರು, ಕೊಳ್ಳೇಗಾಲದವರಿಗಿರುವಷ್ಟು ಬೇರೆ ಯಾರಿಗೂ ಇಲ್ಲ. ಈ ಕೃತ್ಯಗಳಿಗೆ ಯಾವ ಸಮಜಾಯಿಷಿಯೂ ಇಲ್ಲ. ಆದರೆ ಇದೇ ನೆಲದಲ್ಲಿ ಇನ್ನೊಂದು ಸಾವು ನೆನಪಿಸಿಕೊಳ್ಳಿ. 2002ರ ಆಗಸ್ಟ್ 25ರಂದು ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಅಪಹರಿಸಲಾಯಿತು; ಡಿಸೆಂಬರ್ 8ರಂದು ಚೆಂಗಡಿ ಕಾಡಿನಲ್ಲಿ ಶವ ಸಿಕ್ಕಿತು. ಕೊಂದದ್ದು ತಾನಲ್ಲ, ತಮಿಳುನಾಡು ಕಾರ್ಯಪಡೆ ಎಂದು ವೀರಪ್ಪನ್ ಕ್ಯಾಸೆಟ್ ಕಳಿಸಿದ. ಯಾರ ಗುಂಡು ಎಂಬ ಪ್ರಶ್ನೆ ಆಗ ಈ ಸೀಮೆಯ ಪ್ರತಿಯೊಬ್ಬರದ್ದೂ ಆಗಿತ್ತು. ಅಂಥ ಪ್ರಶ್ನೆಗೆ ಉತ್ತರಿಸುವ ವಿಜ್ಞಾನ ನಾಗಪ್ಪನವರಿಗೆ ಒಂದು, ವೀರಪ್ಪನ್‌ಗೆ ಇನ್ನೊಂದು ಎಂದು ಇರಲಾರದು. ಸತ್ತವನು ಒಳ್ಳೆಯವನೋ ಕೆಟ್ಟವನೋ ನೋಡಿ ಶವಪರೀಕ್ಷೆಯ ಕಟ್ಟುನಿಟ್ಟು ಸಡಿಲವಾದರೆ ಮುಂದೆ ಅದರ ಪೆಟ್ಟು ಬೀಳುವುದು ಒಳ್ಳೆಯವರಿಗೇ.

ಬಿದ್ದೂ ಇದೆ. ವೀರಪ್ಪನ್ ಬೇಟೆಯ ಹೆಸರಿನಲ್ಲಿ ಎರಡೂ ರಾಜ್ಯಗಳ ಕಾರ್ಯಪಡೆಗಳು ಕಾಡಂಚಿನ ಹಳ್ಳಿಗಳ ಮೇಲೆ ನಡೆಸಿದ ದೌರ್ಜನ್ಯದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿ ನೇಮಿಸಿತು. ಮಲೆ ಮಹದೇಶ್ವರ ಬೆಟ್ಟದ 'ವರ್ಕ್‌ಶಾಪ್' ಎಂಬ ಹಿಂಸಾ ಶಿಬಿರದ ಹೆಸರು ಕೇಳಿದರೆ ಇಂದಿಗೂ ನಡುಗುವ ಹಿರಿಯರು ಆ ಹಳ್ಳಿಗಳಲ್ಲಿದ್ದಾರೆ. ಹಿಂಸೆ ಅನುಭವಿಸಿದವರಲ್ಲಿ ಸೋಲಿಗರೂ ಇದ್ದರು, ಬೇಸಾಯಗಾರರೂ ಇದ್ದರು, ಹೆಂಗಸರೂ ಇದ್ದರು. ಸಮಿತಿಯ ವರದಿ 2003ರ ಕೊನೆಯಲ್ಲಿ ಬಂತು. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು. ಗುಂಡಿನ ಚಕಮಕಿಯಲ್ಲಿ ಸತ್ತರೆಂದು ದಾಖಲಾದ ಹಳ್ಳಿಗರ ಸಾವುಗಳೂ ಸಮಿತಿಯ ಮುಂದೆ ಬಂದವು. ವೀರಪ್ಪನ್ ಹಣೆಯ ಗಾಯದ ಬಗ್ಗೆ ವಾದಿಸಲು ನಮ್ಮ ಹತ್ತಿರ ಚಿತ್ರವಾದರೂ ಇದೆ. ಆ ಸಾವುಗಳಲ್ಲಿ ಜನ ಮುಂದಿಟ್ಟುಕೊಂಡು ಜಗಳವಾಡಬಹುದಾದ ಒಂದು ಚಿತ್ರವೂ ಇಲ್ಲ. ಚಿತ್ರ ಇದ್ದ ಒಂದು ಸಾವಿಗೆ ಇಪ್ಪತ್ತು ವರ್ಷದ ಚರ್ಚೆ, ಇಲ್ಲದವರ ಪಾಲಿಗೆ ಮೌನ. ಇದು ನನ್ನನ್ನು ಹಣೆಯ ಗಾಯಕ್ಕಿಂತ ಹೆಚ್ಚು ಕಾಡುತ್ತದೆ.

ಹಾಗಾದರೆ ಪೊಲೀಸರ ಮಾತನ್ನು ಅನುಮಾನಿಸಲು ಆಧಾರವಿಲ್ಲ, ಆದ್ದರಿಂದ ಅದನ್ನೇ ಒಪ್ಪೋಣ ಎನ್ನಬಹುದೇ? ಎನ್ನಲಾಗದು. ಚಿತ್ರ ಎರಡೂ ಕಡೆಗೆ ಮೂಕವಾಗಿರುವಾಗ ಸಾಬೀತು ಮಾಡುವ ಹೊಣೆ ಉಳಿದ ಸಾಕ್ಷ್ಯವನ್ನೆಲ್ಲ ಕೈಯಲ್ಲಿಟ್ಟುಕೊಂಡವರ ಮೇಲೆ ಬೀಳುತ್ತದೆ. ಅದು ಇಂದು ಹುಟ್ಟಿದ ಹೊಸ ಬೇಡಿಕೆಯೂ ಅಲ್ಲ. ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದ ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ 1997ರ ಮಾರ್ಚ್‌ನಲ್ಲೇ ಎಲ್ಲ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಎನ್‌ಕೌಂಟರ್ ಸಾವನ್ನು ಅದರಲ್ಲಿ ಭಾಗಿಯಾದ ಪೊಲೀಸರೇ ತನಿಖೆ ಮಾಡಬಾರದು, ಸಿಐಡಿಯಂಥ ಬೇರೆ ಸಂಸ್ಥೆಗೆ ಒಪ್ಪಿಸಬೇಕು ಎಂದು ಸೂಚಿಸಿದ್ದರು. 2003ರ ಡಿಸೆಂಬರ್‌ನಲ್ಲಿ, ಅಂದರೆ ವೀರಪ್ಪನ್ ಸಾಯುವ ಹತ್ತು ತಿಂಗಳು ಮುಂಚೆ, ಆಯೋಗ ಪೊಲೀಸ್ ಕಾರ್ಯಾಚರಣೆಯ ಸಾವುಗಳಿಗೆ ಮ್ಯಾಜಿಸ್ಟ್ರೇಟ್ ವಿಚಾರಣೆಯನ್ನೂ ಸೇರಿಸಿತು. 2014ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಪಿಯುಸಿಎಲ್ ಎಂಬ ನಾಗರಿಕ ಹಕ್ಕು ಸಂಘಟನೆಯ ಪ್ರಕರಣದಲ್ಲಿ 16 ಅಂಶಗಳ ನಿರ್ದೇಶನ ಕೊಟ್ಟಿತು: ಇಬ್ಬರು ವೈದ್ಯರಿಂದ ಶವಪರೀಕ್ಷೆ, ಅದರ ವಿಡಿಯೊ ಚಿತ್ರೀಕರಣ, ಘಟನಾ ಸ್ಥಳದ ನಕ್ಷೆ ಮತ್ತು ಚಿತ್ರಗಳು, ಬಂದೂಕುಗಳನ್ನು ಪರೀಕ್ಷೆಗೆ ಒಪ್ಪಿಸುವುದು. ಇಡೀ ಪಟ್ಟಿಯಲ್ಲಿ ಒಂದು ಸಂಗತಿ ಸ್ಪಷ್ಟ. ಚಿತ್ರ ಅಲ್ಲಿ ಹತ್ತರ ಜೊತೆ ಹನ್ನೊಂದನೆಯ ಸಾಕ್ಷಿ, ಒಂಟಿ ಸಾಕ್ಷಿಯಲ್ಲ.

ಇನ್ನೊಂದು ವಿವರ ಬಹುತೇಕರು ಮರೆತಿದ್ದಾರೆ. ಪೊಲೀಸರು ಮೊದಲು ಶವವನ್ನು ಸುಡಲು ಯೋಚಿಸಿದ್ದರು. ಬಂಧುಗಳು ಒಪ್ಪದ ಕಾರಣ ಹೂಳಲಾಯಿತು. ಸುಟ್ಟಿದ್ದರೆ ತಲೆಬುರುಡೆಯ ಸಾಕ್ಷ್ಯ ಅಲ್ಲಿಗೇ ಮುಗಿಯುತ್ತಿತ್ತು. ಗುಂಡು ಹೊಕ್ಕ ಕಡೆ ಮೂಳೆಯ ತೂತು ಒಳಮುಖವಾಗಿ ಅಗಲವಾಗುತ್ತದೆ, ಹೊರಬಿದ್ದ ಕಡೆ ಹೊರಮುಖವಾಗಿ. ಆ ಗುರುತು ವರ್ಷಗಟ್ಟಲೆ ಮಣ್ಣಿನಲ್ಲಿದ್ದರೂ ಅಳಿಯುವುದಿಲ್ಲ. ಸಮಾಧಿಯನ್ನು ಅಗೆಯಬೇಕೆಂದು ನಾನು ಹೇಳುತ್ತಿಲ್ಲ. ಕಾಗದದಲ್ಲಿರುವ ಸಾಕ್ಷ್ಯವನ್ನು ಹೊರತಂದರೆ ಮಣ್ಣಿಗೆ ಕೈ ಹಾಕುವ ಅಗತ್ಯವೇ ಬೀಳದು.

ಆ ಕಾಗದ ಕೇಳುವ ದಾರಿ ಈಗ ತೆರೆದಿದೆ. ಮಾಹಿತಿ ಹಕ್ಕು ಕಾಯ್ದೆಯ 8(3)ನೇ ಕಲಮಿನ ಪ್ರಕಾರ, ಅರ್ಜಿ ಹಾಕುವ ದಿನಕ್ಕೆ 20 ವರ್ಷ ಹಿಂದೆ ನಡೆದ ಘಟನೆಯ ಮಾಹಿತಿಯನ್ನು, ದೇಶದ ಭದ್ರತೆ, ಶಾಸನಸಭೆಯ ಹಕ್ಕುಚ್ಯುತಿ, ಸಚಿವ ಸಂಪುಟದ ಕಡತ ಇವಕ್ಕೆ ಸಂಬಂಧಿಸಿದ ವಿನಾಯಿತಿಗಳನ್ನು ಬಿಟ್ಟು, ಕೊಡಲೇಬೇಕು. ತನಿಖೆಗೆ ಅಡ್ಡಿಯಾಗುತ್ತದೆ ಎಂಬ ನೆಪ ಆ ಅವಧಿಯ ನಂತರ ನಡೆಯುವುದಿಲ್ಲ. ಪಾಪಾರಪಟ್ಟಿಯ ಘಟನೆಗೆ 2024ರ ಅಕ್ಟೋಬರ್‌ಗೆ 20 ವರ್ಷ ತುಂಬಿತು. ಮಲೆ ಮಹದೇಶ್ವರ ಬೆಟ್ಟ, ರಾಮಾಪುರ, ಪಾಲಾರ್ ಸುತ್ತಿನ ತೊಂಬತ್ತರ ದಶಕದ ಸಾವುಗಳಿಗೆ ಅದಕ್ಕೂ ಎಷ್ಟೋ ಮೊದಲೇ ತುಂಬಿದೆ. ಭದ್ರತಾ ಸಂಸ್ಥೆಗಳಿಗೆ ವಿನಾಯಿತಿ ಕೊಡುವ 24ನೇ ಕಲಮು ಕೂಡ ಮಾನವ ಹಕ್ಕು ಉಲ್ಲಂಘನೆಯ ಆರೋಪಕ್ಕೆ ಸಂಬಂಧಿಸಿದ ಮಾಹಿತಿಯನ್ನು ಹೊರಗಿಟ್ಟಿಲ್ಲ. ರಾಜ್ಯ ಮಾಹಿತಿ ಆಯೋಗದ ಒಪ್ಪಿಗೆ ಪಡೆದು 45 ದಿನದೊಳಗೆ ಕೊಡಬೇಕು ಎನ್ನುತ್ತದೆ. ಚಿತ್ರದ ಗುರುತಿನ ಬಗ್ಗೆ ಇನ್ನೂ ವಾದಿಸುತ್ತಿರುವವರು, ಎರಡೂ ಪಕ್ಷದವರು, ಒಂದೇ ಅರ್ಜಿಗೆ ಒಟ್ಟಾಗಿ ಸಹಿ ಹಾಕಬಹುದು: ಶವಪರೀಕ್ಷೆಯ ಪೂರ್ಣ ವರದಿ, ಅಳತೆಪಟ್ಟಿ ಇಟ್ಟು ತೆಗೆದ ಚಿತ್ರಗಳು, ವಾಹನದ ಮಹಜರು, ಪ್ರಯೋಗಾಲಯದ ವರದಿ ಕೊಡಿ ಎಂದು. ಅದರ ಜೊತೆಯಲ್ಲೇ, ಚಿತ್ರವೇ ಇಲ್ಲದೆ ಸತ್ತ ಹಳ್ಳಿಗರ ಕಡತಗಳನ್ನೂ ಕೇಳಿ.